ತಿಪ್ಪೆಯ ಮೇಲೊಂದು ಕ್ರೀಡಾಂಗಣ

೧೯೫೪ನೆಯ ಇಸವಿಯ ಮೇ ತಿಂಗಳ ೫ನೆಯ ತಾರೀಖು, ಬುಧವಾರ. ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ಬ್ರಾಡ್‌ಫರ್ಡ್ ನಗರಕ್ಕೆ ಹೋಗುವ ದಾರಿಗಳೆಲ್ಲ ಬಸ್ಸು ಮೋಟಾರುಗಳಿಂದ ಕಿಕ್ಕಿರಿದು ನಿಂತುಬಿಟ್ಟಿದ್ದವು. ಊರಿನ ದಕ್ಷಿಣದ ಎತ್ತರದಲ್ಲಿರುವ ಆಡ್ಸಲ್ ಕ್ರೀಡಾಂಗಣದಲ್ಲಿ ಅಂದು ಸಂಜೆ ರಗ್ಬಿ ಲೀಗ್ ಆಟದ ಚಾಲೆಂಜ್ ಕಪ್ಪಿಗಾಗಿ ಅಂತಿಮ ಪಂದ್ಯ. ಹನ್ನೊಂದು ದಿನ ಮೊದಲು ಲಂಡನ್ನಿನ ವೆಂಬ್ಲಿಯಲ್ಲಿ ವಾರಿಂಗ್ಟನ್, ಹ್ಯಾಲಿಫ್ಯಾಕ್ಸ್ ತಂಡಗಳು ೪–೪ರಲ್ಲಿ ಸಮಸಮನಾಗಿ ನಿಂತಿದ್ದವು. ಅದರ ತೀರ್ಮಾನ ಇಲ್ಲಿ ಆಗಬೇಕಾಗಿತ್ತು. ಬಾಗಿಲಲ್ಲಿ ಎಣಿಸಿದ ಲೆಕ್ಕದ ಪ್ರಕಾರ ಒಳಗೆ ಹೋದವರು ೧,೦೨,೫೬೯ ಮಂದಿ. ಬೇಲಿ ಮುರಿದು ನುಗ್ಗಿದವರ ಲೆಕ್ಕ ಇದರಲ್ಲಿ ಸೇರಿಲ್ಲ. ದಾರಿಯಲ್ಲೇ ಸಿಕ್ಕಿಕೊಂಡು, ಆಟ ಮುಗಿಯುವ ಹೊತ್ತಿಗೂ ಮೈದಾನ ಕಾಣದೆ ಹಿಂದಿರುಗಿದವರ ಲೆಕ್ಕವಂತೂ ಯಾರ ಬಳಿಯೂ ಇಲ್ಲ. ವಾರಿಂಗ್ಟನ್ ೮–೪ರಲ್ಲಿ ಗೆದ್ದಿತು. ರಗ್ಬಿ ಲೀಗ್ ಪಂದ್ಯವೊಂದಕ್ಕೆ ಇಷ್ಟು ಜನ ಸೇರಿದ್ದು ಅದುವರೆಗೆ ಎಲ್ಲಿಯೂ ಇರಲಿಲ್ಲ. ಆ ದಾಖಲೆ ೧೯೯೯ರಲ್ಲಿ ಸಿಡ್ನಿ ನಗರದಲ್ಲಿ ಮುರಿಯುವವರೆಗೂ ನಿಂತಿತು.

ಅಂದು ಆ ಲಕ್ಷ ಜನ ಯಾವುದರ ಮೇಲೆ ನಿಂತಿದ್ದರು, ಹೇಳಿ ನೋಡೋಣ. ಕಲ್ಲಿನ ಮೆಟ್ಟಿಲುಗಳ ಮೇಲೆಯೇ? ಕಬ್ಬಿಣದ ಅಟ್ಟಣೆಗಳ ಮೇಲೆಯೇ? ಬಹುಪಾಲು ಜನ ನಿಂತಿದ್ದುದು ಬ್ರಾಡ್‌ಫರ್ಡಿನ ಮನೆಮನೆಯ ಕಸದ ಮೇಲೆ! ಊರಿನ ಒಲೆಗಳ ಬೂದಿ, ಮುರಿದ ಪಿಂಗಾಣಿ, ಬೇಡವೆಂದು ಎಸೆದ ಚಿಂದಿ, ಇವನ್ನೆಲ್ಲ ಒಟ್ಟಿ ಮಾಡಿದ ದಿಣ್ಣೆಯೇ ಅವರಿಗೆ ಆಸನವಾಗಿತ್ತು. “ತಿಪ್ಪೆ ಹೋಗಿ ಉಪ್ಪರಿಗೆಯಾದೀತು, ಉಪ್ಪರಿಗೆ ಹೋಗಿ ತಿಪ್ಪೆಯಾದೀತು” ಎಂಬ ಗಾದೆಯನ್ನು ನೀವು ಕೇಳಿಯೇ ಇರುತ್ತೀರಿ. ಆ ಗಾದೆಯ ಎರಡು ಮಾತುಗಳೂ ಒಂದೇ ಊರಿನಲ್ಲಿ ಹೇಗೆ ನಿಜವಾದವು ಎಂಬುದನ್ನು ತಿಳಿಯಬೇಕಾದರೆ ಆಡ್ಸಲ್ಲಿನ ಕಥೆಯನ್ನು ಮೊದಲಿನಿಂದ ಕೇಳಬೇಕು.

ಮೊದಲು ಆಟದ ವಿಷಯ. ನಿಮ್ಮಲ್ಲಿ ಅನೇಕರು ಈ ಆಟವನ್ನು ಕಂಡಿರಲಾರಿರಿ. ಪಕ್ಷಕ್ಕೆ ಹದಿಮೂರು ಜನ. ಚೆಂಡು ದುಂಡಗಿಲ್ಲ, ಮೊಟ್ಟೆಯ ಆಕಾರದ್ದು. ಅದನ್ನು ಕೈಯಲ್ಲಿ ಹಿಡಿದು ಓಡಬಹುದು, ಮುಂದಕ್ಕೆ ಒದೆಯಬಹುದು. ಆದರೆ ಕೈಯಿಂದ ಜೊತೆಗಾರನಿಗೆ ಕೊಡುವಾಗ ಮುಂದಕ್ಕೆ ಎಸೆಯುವಂತಿಲ್ಲ. ಎದುರಾಳಿಗಳು ಓಡುವವನನ್ನು ಹಿಡಿದು ಕೆಡವುತ್ತಾರೆ. ನಮ್ಮ ಕಬಡ್ಡಿಯಲ್ಲಿ ಹಿಡಿತಕ್ಕೆ ಸಿಕ್ಕವನು ಔಟಾಗುತ್ತಾನೆ. ಇಲ್ಲಿ ಹಾಗಲ್ಲ, ಬಿದ್ದವನು ಎದ್ದು, ಚೆಂಡನ್ನು ನೆಲಕ್ಕಿಟ್ಟು, ಕಾಲಿನಿಂದ ಹಿಂದಕ್ಕೆ ಉರುಳಿಸಿ ಆಟವನ್ನು ಮುಂದುವರಿಸುತ್ತಾನೆ. ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ಅಂಕ.

ಈ ಆಟ ಹುಟ್ಟಿದ್ದು ಕೂಲಿಯ ಜಗಳದಿಂದ. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಾಡ್‌ಫರ್ಡ್ ಉಣ್ಣೆಯ ಗಿರಣಿಗಳಿಗೆ ಹೆಸರಾದ ಪಟ್ಟಣ. ಅಲ್ಲಿಯೂ ಸುತ್ತಣ ಊರುಗಳಲ್ಲಿಯೂ ರಗ್ಬಿ ಆಡುತ್ತಿದ್ದವರು ಗಿರಣಿಯವರು, ಕಲ್ಲಿದ್ದಲ ಗಣಿಯವರು. ಪಂದ್ಯಕ್ಕೆ ಹೋದರೆ ಅಂದಿನ ಕೂಲಿ ಹೋಗುತ್ತಿತ್ತು. ಹೋದ ಕೂಲಿಯನ್ನಾದರೂ ತುಂಬಿಕೊಡಲು ಅನುಮತಿ ಬೇಕೆಂದು ಉತ್ತರದ ಸಂಘಗಳು ಕೇಳಿದವು. ಆಡಳಿತ ನಡೆಸುತ್ತಿದ್ದ ರಗ್ಬಿ ಯೂನಿಯನ್ನಿನವರಿಗೆ ಹಣ ಮುಟ್ಟಿದ ಆಟ ಆಟವೇ ಅಲ್ಲ. ೧೮೯೩ರ ಸಭೆಯಲ್ಲಿ ಆ ಸೂಚನೆ ೨೮೨ಕ್ಕೆ ೧೩೬ ಮತಗಳಿಂದ ಬಿದ್ದುಹೋಯಿತು. ೧೮೯೫ನೆಯ ಆಗಸ್ಟ್ ೨೯ರಂದು ಹಡರ್ಸ್‌ಫೀಲ್ಡಿನ ಜಾರ್ಜ್ ಹೋಟೆಲಿನಲ್ಲಿ ಉತ್ತರದ ಸಂಘಗಳು ಸಭೆ ಸೇರಿ ಬೇರೆಯಾದವು. ಹೊಸ ಒಕ್ಕೂಟದ ಹೆಸರು ನಾರ್ದರ್ನ್ ಯೂನಿಯನ್. ಆಟಗಾರನಿಗೆ ಹೋದ ಕೂಲಿಯ ಬಾಬ್ತು ದಿನಕ್ಕೆ ಆರು ಷಿಲಿಂಗ್ ಮೀರದಂತೆ ಕೊಡಬಹುದೆಂದು ಗೊತ್ತಾಯಿತು. ೧೯೦೬ರಲ್ಲಿ ಪಕ್ಷದ ಸಂಖ್ಯೆಯನ್ನು ಹದಿನೈದರಿಂದ ಹದಿಮೂರಕ್ಕೆ ಇಳಿಸಿದರು. ೧೯೨೨ರಿಂದ ಈ ಒಕ್ಕೂಟಕ್ಕೆ ರಗ್ಬಿ ಫುಟ್‌ಬಾಲ್ ಲೀಗ್ ಎಂಬ ಹೆಸರು ನಿಂತಿತು.

ಬ್ರಾಡ್‌ಫರ್ಡಿನಲ್ಲಿ ಅಂದು ಎರಡು ದೊಡ್ಡ ರಗ್ಬಿ ಸಂಘಗಳಿದ್ದವು. ಒಂದು ಪಾರ್ಕ್ ಅವೆನ್ಯೂ ಮೈದಾನದ್ದು. ಇನ್ನೊಂದು ವ್ಯಾಲಿ ಪೆರೇಡ್ ಎಂಬ ಇಳಿಜಾರಿನ ಮೈದಾನದಲ್ಲಿ ಆಡುತ್ತಿದ್ದ ಮ್ಯಾನಿಂಗ್‌ಹ್ಯಾಮ್. ಹೊಸ ಒಕ್ಕೂಟದ ಮೊದಲನೆಯ ವರ್ಷದ ವಿಜಯ ಈ ಮ್ಯಾನಿಂಗ್‌ಹ್ಯಾಮಿಗೇ ದೊರೆಯಿತು. ಆದರೆ ಕಾಲು ಚೆಂಡಾಟದ ಗಾಳಿ ಬಲವಾಗಿ ಬೀಸುತ್ತಿದ್ದ ಕಾಲವದು. ೧೯೦೩ರಲ್ಲಿ ಮ್ಯಾನಿಂಗ್‌ಹ್ಯಾಮ್ ಸಂಘ ರಗ್ಬಿಯನ್ನೇ ಬಿಟ್ಟು, ಬ್ರಾಡ್‌ಫರ್ಡ್ ಸಿಟಿ ಎಂಬ ಫುಟ್‌ಬಾಲ್ ಸಂಘವಾಗಿ ಮಾರ್ಪಟ್ಟಿತು. ೧೯೦೭ರಲ್ಲಿ ಪಾರ್ಕ್ ಅವೆನ್ಯೂದವರೂ ಅದೇ ದಾರಿ ಹಿಡಿದರು. ಹಳೆಯ ಆಟವನ್ನು ಬಿಡಲೊಲ್ಲದವರು ಕೋಪಿಸಿಕೊಂಡು ಹೊರಬಂದು ಬ್ರಾಡ್‌ಫರ್ಡ್ ನಾರ್ದರ್ನ್ ಎಂಬ ಸಂಘವನ್ನು ಕಟ್ಟಿದರು. ಆಟವೇನೋ ಉಳಿಯಿತು, ಆಡುವ ನೆಲ ಹೋಯಿತು. ಎರಡು ಒಳ್ಳೆಯ ಮೈದಾನಗಳೂ ಫುಟ್‌ಬಾಲಿನವರ ಪಾಲಾಗಿದ್ದವು. ನಾರ್ದರ್ನಿನವರು ಅಲ್ಲಿ ಇಲ್ಲಿ ಆಡಿ, ೧೯೦೮ರಿಂದ ಬರ್ಚ್ ಲೇನ್ ಎಂಬ ಇಕ್ಕಟ್ಟಾದ ಮೈದಾನದಲ್ಲಿ ಕಾಲು ಶತಮಾನ ಕಳೆದರು.

ಅವರಿಗೆ ಕಡೆಗೆ ನೆಲ ದೊರೆತದ್ದು ಕಸದ ಇಲಾಖೆಯಿಂದ. ಆಡ್ಸಲ್ಲಿನಲ್ಲಿ ಹಿಂದೆ ಕಲ್ಲುಗಣಿಯಾಗಿದ್ದ ಒಂದು ದೊಡ್ಡ ಹಳ್ಳವಿತ್ತು. ನಗರದ ಕಸವನ್ನು ಅಲ್ಲಿ ಸುರಿಯುತ್ತಿದ್ದರು. ನಗರಸಭೆಯ ನೈರ್ಮಲ್ಯ ಶಾಖೆಯ ಮುಖ್ಯಾಧಿಕಾರಿಯಾಗಿದ್ದ ಅರ್ನೆಸ್ಟ್ ಕಾಲ್ ಎಂಬಾತ ಒಂದು ಉಪಾಯ ಮಾಡಿದ. ಹೇಗೂ ಕಸವನ್ನು ಎಲ್ಲಾದರೂ ಸುರಿಯಲೇಬೇಕು. ಕಂಡಕಂಡಲ್ಲಿ ಸುರಿಯುವ ಬದಲು ಹಳ್ಳದ ಅಂಚಿನ ಸುತ್ತ ಕ್ರಮವಾಗಿ ಪದರ ಪದರವಾಗಿ ಹಾಕಿ, ಮುಚ್ಚಿ, ಗಟ್ಟಿಮಾಡುತ್ತ ಹೋದರೆ ಬೋಗುಣಿಯಂಥ ಇಳಿಜಾರು ತಾನಾಗಿಯೇ ಏಳುತ್ತದೆ. ನಡುವೆ ಮೈದಾನ, ಸುತ್ತ ಪ್ರೇಕ್ಷಕರು! ಆ ಕಾಲದಲ್ಲಿ ಮನೆಮನೆಯಲ್ಲಿಯೂ ಕಲ್ಲಿದ್ದಲಿನ ಒಲೆ ಇದ್ದುದರಿಂದ ಕಸದಲ್ಲಿ ಬೂದಿಯ ಅಂಶವೇ ದೊಡ್ಡದು ಎಂಬುದನ್ನೂ ನೆನಪಿಡಬೇಕು. ೧೯೩೩ರಲ್ಲಿ ನಾರ್ದರ್ನ್ ಸಂಘ ನಗರಸಭೆಯಿಂದ ಈ ನೆಲವನ್ನು ಗುತ್ತಿಗೆಗೆ ಪಡೆಯಿತು. ಸುಮಾರು ೧,೪೦,೦೦೦ ಗಾಡಿ ಕಸ ಅಲ್ಲಿಗೆ ಬಿದ್ದಿತೆಂದು ಹೇಳುತ್ತಾರೆ. ೧೯೩೪ನೆಯ ಸೆಪ್ಟೆಂಬರ್ ೧ರಂದು ಹಡರ್ಸ್‌ಫೀಲ್ಡ್ ತಂಡದೊಡನೆ ಮೊದಲ ಪಂದ್ಯ ನಡೆಯಿತು.

ಈ ಮೈದಾನದ ರಚನೆಯಲ್ಲಿ ಒಂದು ವಿಚಿತ್ರವುಂಟು. ಆಟಗಾರರ ಕೊಠಡಿಗಳಿದ್ದದ್ದು ಇಳಿಜಾರಿನ ತುದಿಯಲ್ಲಿ, ಆಡುವ ನೆಲವಿದ್ದದ್ದು ತಳದಲ್ಲಿ. ಆಟಗಾರರು ಜನರ ನಡುವೆಯೇ ಇಳಿದುಹೋಗಬೇಕು. ಆಡಿ ದಣಿದ ಮೇಲೆ ಮತ್ತೆ ಅವರ ನಡುವೆಯೇ ಹತ್ತಿಬರಬೇಕು. ಗೆದ್ದ ದಿನ ಬೆನ್ನು ತಟ್ಟುವವರೂ ಅವರೇ, ಸೋತ ದಿನ ಮೂದಲಿಸುವವರೂ ಅವರೇ. ೧೯೪೫ರಿಂದ ಮೈದಾನದ ಸುತ್ತ ಮೋಟಾರ್ ಸೈಕಲ್ ಪಂದ್ಯಗಳೂ ನಡೆಯತೊಡಗಿದವು. ಅದರ ಓಟದ ಹಾದಿ ಆಟದ ನೆಲದ ಮೂಲೆಗಳನ್ನೇ ಕೊಯ್ದುಕೊಂಡು ಹೋಗುತ್ತಿತ್ತು.

ಎರಡನೆಯ ಮಹಾಯುದ್ಧ ಮುಗಿದ ಮೇಲಿನ ವರ್ಷಗಳು ನಾರ್ದರ್ನಿನ ವೈಭವದ ವರ್ಷಗಳು. ೧೯೪೭, ೧೯೪೮, ೧೯೪೯, ಹೀಗೆ ಸತತವಾಗಿ ಮೂರು ವರ್ಷ ಆ ತಂಡ ವೆಂಬ್ಲಿಯ ಅಂತಿಮ ಪಂದ್ಯಕ್ಕೆ ಹೋಗಿ ಎರಡು ಸಲ ಕಪ್ಪನ್ನು ತಂದಿತು. ೧೯೫೪ರ ಆ ಸಂಜೆಯಂತೂ, ಉತ್ತರಕ್ಕೂ ಒಂದು ವೆಂಬ್ಲಿ ಉಂಟೆಂದು ಜನ ಹೇಳಿಕೊಳ್ಳುವಂತಾಯಿತು. ಆದರೆ ಓದುಗರೆ, ಆ ಸಂಜೆಯನ್ನು ಬರಿಯ ವೈಭವವೆಂದು ನೋಡಿದರೆ ಸಾಲದು. ಅದಕ್ಕೆ ಎಂಟೇ ವರ್ಷ ಮೊದಲು, ೧೯೪೬ನೆಯ ಮಾರ್ಚ್ ೯ರಂದು, ಬೋಲ್ಟನ್ನಿನ ಬರ್ನ್‌ಡನ್ ಪಾರ್ಕ್ ಮೈದಾನದಲ್ಲಿ ಇಂಥದೇ ದಿಣ್ಣೆಯ ಮೇಲೆ ಜನದ ಒತ್ತಡಕ್ಕೆ ಸಿಕ್ಕಿ ೩೩ ಮಂದಿ ಸತ್ತಿದ್ದರು. ಬೇಲಿ ಮುರಿದು ಜನ ನುಗ್ಗಿದ ಆಡ್ಸಲ್ಲಿನಲ್ಲಿ ಹಾಗಾಗದೆ ಉಳಿದದ್ದು ಏರ್ಪಾಟಿನ ಬಲದಿಂದ ಎನ್ನುವುದಕ್ಕಿಂತ ಅದೃಷ್ಟದಿಂದ ಎನ್ನುವುದೇ ಮೇಲು.

ಲಕ್ಷ ಜನ ಬಂದ ಮೈದಾನಕ್ಕೆ ಒಂಬತ್ತು ವರ್ಷಗಳ ಮೇಲೆ ಎಷ್ಟು ಜನ ಬಂದರು ಬಲ್ಲಿರಾ? ೧೯೬೩ನೆಯ ನವೆಂಬರಿನಲ್ಲಿ ಬ್ಯಾರೋ ತಂಡದೊಡನೆ ನಡೆದ ಪಂದ್ಯಕ್ಕೆ ೩೨೪ ಮಂದಿ. ಅಷ್ಟು ದೊಡ್ಡ ಬೋಗುಣಿಯಲ್ಲಿ ೩೨೪ ಜನ ಎಂದರೆ ಕೊಪ್ಪರಿಗೆಯ ತಳದಲ್ಲಿ ನಾಲ್ಕು ಅಗುಳು. ಮುಂದಿನ ತಿಂಗಳೇ ಸಂಘ ಬಾಗಿಲು ಹಾಕಿತು. ಊರು ಸುಮ್ಮನಿರಲಿಲ್ಲ. ಹಳೆಯ ಆಟಗಾರರಾದ ಟ್ರೆವರ್ ಫಾಸ್ಟರ್, ಜೋ ಫಿಲಿಪ್ಸ್ ಮೊದಲಾದವರು ಮುಂದೆ ನಿಂತು ಜನರನ್ನು ಕೂಡಿಸಿ ಹಣವೆತ್ತಿದರು. ೧೯೬೪ನೆಯ ಆಗಸ್ಟಿನಲ್ಲಿ ಹೊಸ ಸಂಘದ ಮೊದಲ ಪಂದ್ಯಕ್ಕೆ ಹದಿನಾಲ್ಕು ಸಾವಿರಕ್ಕೂ ಮಿಕ್ಕಿ ಜನ ಬಂದರು. ಮೈದಾನ ಅದೇ, ದಿಣ್ಣೆ ಅದೇ. ಬಂದವರ ಮನಸ್ಸು ಮಾತ್ರ ಬೇರೆ. ಕಳೆದುಕೊಂಡು ನೋಡಿದ ಮೇಲಲ್ಲವೆ ಬೆಲೆ ತಿಳಿಯುವುದು!

ಇನ್ನು ಗಾದೆಯ ಎರಡನೆಯ ಮಾತಿಗೆ ಬರೋಣ. ಆಡ್ಸಲ್ಲಿನಿಂದ ಕೆಲವೇ ಮೈಲಿ ದೂರದಲ್ಲಿ, ಹಿಂದೆ ಮ್ಯಾನಿಂಗ್‌ಹ್ಯಾಮಿನವರು ರಗ್ಬಿ ಆಡುತ್ತಿದ್ದ ವ್ಯಾಲಿ ಪೆರೇಡಿನಲ್ಲಿ ಬ್ರಾಡ್‌ಫರ್ಡ್ ಸಿಟಿಯ ಫುಟ್‌ಬಾಲ್ ನಡೆದೇ ಇತ್ತು. ಅಲ್ಲಿಯ ಮುಖ್ಯ ಪ್ರೇಕ್ಷಕಾಲಯ ಮರದ್ದು, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಟ್ಟಿದ್ದು. ಅದು ಇಳಿಜಾರಿನ ಮೇಲಿದ್ದುದರಿಂದ ಹಲಗೆಯ ನೆಲದ ಕೆಳಗೆ ಟೊಳ್ಳು. ಹಲಗೆಗಳ ಸಂದಿನಿಂದ ಕಾಗದ, ಪೊಟ್ಟಣ, ಸಿಗರೇಟಿನ ತುಂಡು ಕೆಳಗೆ ಬೀಳುತ್ತಿದ್ದವು. ಬಿದ್ದದ್ದನ್ನು ಗುಡಿಸಿದವರಿಲ್ಲ. ಅಲ್ಲಿ ಬೆಂಕಿಯ ಭಯವುಂಟೆಂದು ೧೯೮೪ರಲ್ಲಿಯೇ ಸರ್ಕಾರಿ ಎಂಜಿನಿಯರುಗಳು ಪತ್ರ ಬರೆದು ಎಚ್ಚರಿಸಿದ್ದರು. ಹೊಸ ಛಾವಣಿಗೆ ಉಕ್ಕು ಕೂಡ ಬಂದು ಬಿದ್ದಿತ್ತು. ಆ ವರ್ಷದ ಆಟಗಳು ಮುಗಿದೊಡನೆ ಕೆಲಸ ಮೊದಲಾಗಬೇಕಾಗಿತ್ತು.

೧೯೮೫ನೆಯ ಮೇ ೧೧, ಶನಿವಾರ. ವರ್ಷದ ಕಡೆಯ ಪಂದ್ಯ, ಎದುರಾಳಿ ಲಿಂಕನ್ ಸಿಟಿ. ಬ್ರಾಡ್‌ಫರ್ಡ್ ಸಿಟಿ ತನ್ನ ವರ್ಗದಲ್ಲಿ ಮೊದಲನೆಯದಾಗಿ ಗೆದ್ದು, ಅಂದೇ ಪಾರಿತೋಷಕ ಪಡೆದು ಸಂಭ್ರಮದಲ್ಲಿತ್ತು. ವಿರಾಮಕ್ಕೆ ಕೆಲವೇ ನಿಮಿಷವಿದ್ದಾಗ ಹಲಗೆಗಳ ಕೆಳಗಿಂದ ಹೊಗೆ ಕಾಣಿಸಿತು. ನಾಲ್ಕೈದು ನಿಮಿಷಗಳಲ್ಲಿ ಇಡೀ ಪ್ರೇಕ್ಷಕಾಲಯ ಹೊತ್ತಿಕೊಂಡಿತು. ಹಿಂದಿನ ಓಣಿಯ ಕಡೆಗೆ ಓಡಿದವರಿಗೆ ಬೀಗ ಹಾಕಿದ ಬಾಗಿಲುಗಳು ಎದುರಾದವು. ೫೬ ಮಂದಿ ಪ್ರಾಣ ಕಳೆದುಕೊಂಡರು. ಸುಟ್ಟು ಗಾಯಗೊಂಡವರು ಇನ್ನೂರಕ್ಕೂ ಹೆಚ್ಚು. ಆಮೇಲೆ ಕಸವನ್ನು ಕೆದಕಿ ನೋಡಿದಾಗ ೧೯೬೮ನೆಯ ಇಸವಿಯ ಸುದ್ದಿಪತ್ರಿಕೆಯೊಂದು ಸಿಕ್ಕಿತು. ಬ್ರಿಟನ್ನು ತನ್ನ ಹಳೆಯ ಪೆನ್ನಿ ಲೆಕ್ಕವನ್ನು ಬಿಟ್ಟದ್ದು ೧೯೭೧ರಲ್ಲಿ. ಆ ಹಳೆಯ ಲೆಕ್ಕದ ಬೆಲೆ ಬರೆದ ಕಡಲೆಕಾಯಿ ಪೊಟ್ಟಣವೂ ಅಲ್ಲಿತ್ತು. ಎಂದರೆ, ಹದಿನೇಳು ವರ್ಷ ಸಾವಿರಾರು ಜನ ಆ ಕಸದ ಮೇಲೆ ಕುಳಿತು ಕೇಕೆ ಹಾಕಿದ್ದರು!

ಎರಡು ಮೈದಾನಗಳನ್ನೂ ಒಂದರ ಪಕ್ಕದಲ್ಲಿ ಒಂದಿಟ್ಟು ನೋಡಿ. ಆಡ್ಸಲ್ಲಿನ ಕೆಳಗೂ ಕಸ, ವ್ಯಾಲಿ ಪೆರೇಡಿನ ಕೆಳಗೂ ಕಸ. ಒಂದು ಕಡೆ ಕಸವೆಂದು ತಿಳಿದು, ಒಪ್ಪಿ, ಲೆಕ್ಕವಿಟ್ಟು, ಮುಚ್ಚಿ ಗಟ್ಟಿಮಾಡಿದರು; ಅದು ಲಕ್ಷ ಜನರನ್ನು ಹೊತ್ತಿತು. ಇನ್ನೊಂದು ಕಡೆ ಕಸವಿದೆಯೆಂಬುದನ್ನೇ ಕಣ್ಣಿಗೆ ಹಾಕಿಕೊಳ್ಳಲಿಲ್ಲ. ಅದು ೫೬ ಜನರನ್ನು ಸುಟ್ಟಿತು. ಮರದ ಉಪ್ಪರಿಗೆ ತಿಪ್ಪೆಯಾದದ್ದು ಬೆಂಕಿ ಬಿದ್ದ ದಿನವಲ್ಲ. ಮೊದಲ ಕಾಗದವನ್ನು ಗುಡಿಸದೆ ಬಿಟ್ಟ ದಿನವೇ ಅದು ತಿಪ್ಪೆಯಾಗತೊಡಗಿತ್ತು.

ಈ ದುರಂತವನ್ನು ಕುರಿತು ನ್ಯಾಯಮೂರ್ತಿ ಪಾಪಲ್‌ವೆಲ್ ವಿಚಾರಣೆ ನಡೆಸಿದರು. ಅದರ ಫಲವಾಗಿ ೧೯೮೭ರಲ್ಲಿ ಕ್ರೀಡಾಸ್ಥಳಗಳ ಸುರಕ್ಷತೆಗೆ ಹೊಸ ಕಾನೂನು ಬಂದಿತು. ಇತ್ತ ಮನೆ ಸುಟ್ಟುಹೋದ ಸಿಟಿ ತಂಡಕ್ಕೆ ಆಶ್ರಯ ಕೊಟ್ಟ ಸ್ಥಳಗಳಲ್ಲಿ ಮುಖ್ಯವಾದದ್ದು ಆಡ್ಸಲ್. ಎಂಟು ದಶಕಗಳ ಹಿಂದೆ ರಗ್ಬಿಯವರನ್ನು ನೆಲವಿಲ್ಲದವರನ್ನಾಗಿ ಮಾಡಿದ್ದ ಫುಟ್‌ಬಾಲಿಗೆ ರಗ್ಬಿಯ ಮನೆಯೇ ನೆರಳಾಯಿತು. ದುರಸ್ತಿಯಾದ ವ್ಯಾಲಿ ಪೆರೇಡ್ ೧೯೮೬ನೆಯ ಡಿಸೆಂಬರಿನಲ್ಲಿ ತೆರೆಯುವವರೆಗೂ ಸಿಟಿಯವರು ಅಲ್ಲಿ ಆಡಿದರು. ನಗರಸಭೆಯೂ ಆ ವರ್ಷಗಳಲ್ಲಿ ಆಡ್ಸಲ್ಲಿಗೆ ಹಣ ಸುರಿದು ರಿಪೇರಿ ಮಾಡಿಸಿತು. ೧೯೮೫ರ ಆಗಸ್ಟಿನಲ್ಲಿ ಮೋಟಾರ್ ಸೈಕಲ್ ಓಟದ ವಿಶ್ವ ಅಂತಿಮ ಸ್ಪರ್ಧೆ ಅಲ್ಲಿ ನಡೆಯಿತು.

ಅಲ್ಲಿಂದೀಚೆಗೆ ಆಡ್ಸಲ್ಲಿನ ಪುನರ್ನಿರ್ಮಾಣವೆಂಬುದು ನಕ್ಷೆಗಳ ಕಥೆ. ೧೯೯೦ರ ದಶಕದಲ್ಲಿ ‘ಸೂಪರ್ ಡೋಮ್’ ಎಂಬ ಹೆಸರಿನ ಭಾರಿ ಯೋಜನೆಯೊಂದು ಬಂದು ಹಾಳೆಯ ಮೇಲೆಯೇ ಉಳಿಯಿತು. ೧೯೯೬ರಲ್ಲಿ ನಾರ್ದರ್ನ್ ಸಂಘ ‘ಬುಲ್ಸ್’ ಎಂದು ಹೆಸರು ಬದಲಿಸಿತು. ಸೂಪರ್ ಲೀಗನ್ನು ೧೯೯೭, ೨೦೦೧, ೨೦೦೩, ೨೦೦೫ರಲ್ಲಿ ಗೆದ್ದಿತು. ಆಡ್ಸಲ್ಲನ್ನು ಒಡೆದು ಕಟ್ಟುತ್ತಾರೆಂಬ ನಂಬಿಕೆಯಿಂದ ೨೦೦೧ರಲ್ಲಿ ತಂಡ ವ್ಯಾಲಿ ಪೆರೇಡಿಗೆ ಹೋಯಿತು. ನೋಡಿದಿರಾ, ಅತಿಥಿಯಾಗಿ ಬಂದವನ ಮನೆಗೆ ಈಗ ಆತಿಥೇಯನೇ ಅತಿಥಿ! ಕಟ್ಟಡವೇಳಲಿಲ್ಲ, ೨೦೦೩ರಲ್ಲಿ ತಂಡ ಹಳೆಯ ಬೋಗುಣಿಗೇ ಹಿಂದಿರುಗಿತು. ಅನಂತರ ‘ಕ್ರೀಡಾಗ್ರಾಮ’ದ ಯೋಜನೆ ಬಂದು, ೨೦೧೦ರಲ್ಲಿ ಹಣವಿಲ್ಲದೆ ಮುಳುಗಿತು. ಸಂಘದ ಸಾಲ ಏರಿತು. ೨೦೧೨ರಲ್ಲಿ ರಗ್ಬಿ ಲೀಗಿನ ಆಡಳಿತ ಮಂಡಲಿಯೇ ಮೈದಾನದ ಗುತ್ತಿಗೆಯನ್ನು ಕೊಂಡಿತು. ೨೦೧೪ರಲ್ಲಿ ತಂಡ ಸೂಪರ್ ಲೀಗಿನಿಂದ ಕೆಳಗಿಳಿಯಿತು. ೨೦೧೭ನೆಯ ಜನವರಿಯಲ್ಲಿ ಸಂಘದ ಕಂಪನಿ ದಿವಾಳಿಯಾಗಿ ಹೊಸ ಕಂಪನಿ ಹುಟ್ಟಿತು. ೨೦೧೯ರ ಶರತ್ಕಾಲದಲ್ಲಿ ಖರ್ಚು ತಾಳಲಾರದೆ ಡ್ಯೂಸ್‌ಬರಿ ಊರಿಗೆ ವಲಸೆ ಹೋದವರು ೨೦೨೧ರಲ್ಲಿ ಮತ್ತೆ ಆಡ್ಸಲ್ಲಿಗೇ ಬಂದರು. ೨೦೨೫ನೆಯ ಅಕ್ಟೋಬರಿನಲ್ಲಿ ೨೦೨೬ರ ಸೂಪರ್ ಲೀಗಿಗೆ ಆಯ್ಕೆಯಾದ ತಂಡಗಳ ಪಟ್ಟಿಯಲ್ಲಿ ಬ್ರಾಡ್‌ಫರ್ಡಿನ ಹೆಸರು ಮರಳಿ ಸೇರಿತು.

ಇದನ್ನೆಲ್ಲ ಓದಿದವರಿಗೆ ಒಂದು ಸಂಶಯ ಬರಬಹುದು. ಇಷ್ಟು ಯೋಜನೆಗಳು ಮುರಿದುಬಿದ್ದ ಮೇಲೂ ಈ ಹಳೆಯ ಹಳ್ಳವನ್ನು ಏಕೆ ಹಿಡಿದುಕೊಂಡಿರಬೇಕು? ನನಗೆ ತೋರುವ ಉತ್ತರ ಇದು. ದೊಡ್ಡ ನಕ್ಷೆಗಳಿಗೆ ಬೇಕಾದದ್ದು ದೊಡ್ಡ ಹಣ. ಅದು ಬರುತ್ತದೆ, ಬಾರದೆಯೂ ಹೋಗುತ್ತದೆ. ಆದರೆ ಆಡ್ಸಲ್ಲನ್ನು ಎಬ್ಬಿಸಿದ್ದು ಊರು ದಿನನಿತ್ಯ ಮಾಡಲೇಬೇಕಾಗಿದ್ದ ಒಂದು ಸಣ್ಣ ಕೆಲಸ. ಇದ್ದ ಕಸವನ್ನು ಕ್ರಮವಾಗಿ ಹಾಕಿದ್ದರಿಂದ ಮೈದಾನ ಹುಟ್ಟಿತು. ೩೨೪ಕ್ಕೆ ಇಳಿದಿದ್ದ ಜನ ತಾವಾಗಿ ಮತ್ತೆ ಬಂದದ್ದರಿಂದ ಅದು ಬದುಕಿತು. ಯಾವ ಯೋಜನೆಯ ನಕ್ಷೆಯಲ್ಲಿಯೂ ಈ ಎರಡನ್ನು ಬರೆದು ತೋರಿಸಲಾಗುವುದಿಲ್ಲ.

ದೂರದ ದೇಶದ ಮೈದಾನದ ವಿಚಾರ ನಮಗೇಕೆ ಎನ್ನಬೇಡಿ. ೨೦೨೫ನೆಯ ಜೂನ್ ೪ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಹೊರಗೆ, ವಿಜಯೋತ್ಸವಕ್ಕೆಂದು ಬಂದ ಹನ್ನೊಂದು ಮಂದಿ ನೂಕುನುಗ್ಗಲಿನಲ್ಲಿ ಪ್ರಾಣ ಬಿಟ್ಟದ್ದನ್ನು ನಾವಾರೂ ಮರೆತಿಲ್ಲ. ಆಟ ನೋಡಲು ಹೋದ ಮಗ ಸಂಜೆ ಮನೆಗೆ ಬರಬೇಕೆಂಬುದು ಬ್ರಾಡ್‌ಫರ್ಡಿನ ತಾಯಿಗೂ ಒಂದೇ, ಬೆಂಗಳೂರಿನ ತಾಯಿಗೂ ಒಂದೇ. ಮುಂದೆ ನೀವು ಯಾವುದಾದರೂ ಆಟಕ್ಕೋ ಜಾತ್ರೆಗೋ ಹೋದಾಗ, ಎದುರಿಗಿರುವ ಅಲಂಕಾರವನ್ನು ನೋಡುವ ಮೊದಲು ಎರಡು ಕ್ಷಣ ನಿಂತು ಇಷ್ಟನ್ನು ನೋಡಿಕೊಳ್ಳಿ. ಕಾಲ ಕೆಳಗೆ ಏನಿದೆ? ಹಿಂದಿನ ಬಾಗಿಲಿಗೆ ಬೀಗವಿದೆಯೆ? ಬೀಗವಿದ್ದರೆ ಅದರ ಕೀಲಿ ಯಾರ ಕೈಯಲ್ಲಿದೆ ಎಂದು ಕೇಳಿ. ಕೇಳುವವರು ಹೆಚ್ಚಾದಷ್ಟೂ ಗುಡಿಸುವವರೂ ಹೆಚ್ಚುತ್ತಾರೆ.